ಲೇಬಲ್ ಓದುವುದನ್ನು ಮತ್ತೆ ಕಲಿಸಿದ ಕಥೆ: ವಾರ್ಡಿನ ಔಷಧಿ ತರಬೇತಿಯಲ್ಲಿ ನನ್ನ ಅನುಭವ

"ಪಾಸಾಗಿ ಬಂದವರಿಗೆ ಮತ್ತೆ ಅಕ್ಷರಾಭ್ಯಾಸ ಮಾಡಿಸುತ್ತೀರಾ, ಸಿಸ್ಟರ್?" ಎಂದು ನಮ್ಮ ಹಿರಿಯ ವೈದ್ಯರು ಕೇಳಿದ ದಿನ ಅವರಿಗೆ ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಈಗ ಸುಮಾರು ಎರಡೂವರೆ ವರ್ಷದ ದಾಖಲೆ ಇದೆ. ಅವರೇ ಹೊಸದಾಗಿ ಸೇರಿದವರನ್ನು ಮೊದಲು ನನ್ನ ಬಳಿ ಕಳುಹಿಸುತ್ತಿದ್ದಾರೆ.

ತಾಲ್ಲೂಕು ಕೇಂದ್ರವೊಂದರ 30 ಹಾಸಿಗೆಗಳ ನರ್ಸಿಂಗ್ ಹೋಮ್‌ನಲ್ಲಿ ನಾನು ನರ್ಸಿಂಗ್ ಮೇಲ್ವಿಚಾರಕಿ. ಎ.ಎನ್.ಎಂ. ಅಥವಾ ಜಿ.ಎನ್.ಎಂ. ನರ್ಸಿಂಗ್ ಕೋರ್ಸ್ ಮುಗಿಸಿ ಬರುವ ಹುಡುಗಿಯರು ಒಂದು ವರ್ಷ ಕೈ ಪಳಗಿಸಿಕೊಂಡು ಬೆಂಗಳೂರಿಗೋ ಗಲ್ಫಿಗೋ ಹೋಗಿಬಿಡುತ್ತಾರೆ. ಅವರ ಜೊತೆಗೆ ನಾಲ್ಕೈದು ಮಂದಿ ವಾರ್ಡ್ ಸಹಾಯಕಿಯರಿದ್ದಾರೆ. ಸಹಾಯಕಿಯರ ಕೈಗೆ ನಾನು ಸಿರಿಂಜ್ ಕೊಡುವುದಿಲ್ಲ. ಅವರು ನರ್ಸ್ ಪಕ್ಕದಲ್ಲಿ ನಿಂತು ಲೇಬಲ್ ಓದುವ ಎರಡನೆಯ ಕಣ್ಣು, ಅಷ್ಟೆ. ಆದರೆ ಆ ಎರಡನೆಯ ಕಣ್ಣಿನಿಂದಲೇ ನಮ್ಮ ಕೆಲಸ ಉಳಿದಿದೆ.

ಇದನ್ನೆಲ್ಲ ಆರಂಭಿಸಲು ಕಾರಣವಾದದ್ದು ಒಂದು ರಾತ್ರಿಯ ಘಟನೆ. ಮಧುಮೇಹದ ಹಿರಿಯರೊಬ್ಬರ ಇನ್ಸುಲಿನ್ ಪೆನ್ ಕೆಟ್ಟಿತ್ತು. ಅದರ ಕಾರ್ಟ್ರಿಡ್ಜ್‌ನಿಂದಲೇ ಔಷಧಿಯನ್ನು ಎಳೆದುಕೊಳ್ಳೋಣವೆಂದು ಡ್ಯೂಟಿಯಲ್ಲಿದ್ದ ಹುಡುಗಿ ನಿರ್ಧರಿಸಿದಳು. ಅವಳ ಕೈಗೆ ಸಿಕ್ಕಿದ್ದು ಕೆಂಪು ಮುಚ್ಚಳದ, ಅಂದರೆ ಒಂದು ಎಂ.ಎಲ್.ಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆಂದು ಗೆರೆ ಎಳೆದ ಸಿರಿಂಜ್. ಕಾರ್ಟ್ರಿಡ್ಜ್‌ನಲ್ಲಿದ್ದದ್ದು ಒಂದು ಎಂ.ಎಲ್.ಗೆ 100 ಯೂನಿಟ್ ಇರುವ ಇನ್ಸುಲಿನ್. 12ರ ಗೆರೆಗೆ ಸರಿಯಾಗಿ ಎಳೆದಳು, ಒಳಗೆ ಹೋದದ್ದು 30 ಯೂನಿಟ್. ನಡುರಾತ್ರಿ ಅವರು ಬೆವರಿ ನೆನೆದು ಮಾತು ತೊದಲುತ್ತಿದ್ದರು, ರಕ್ತದ ಸಕ್ಕರೆ 40ರ ಆಸುಪಾಸಿಗೆ ಇಳಿದಿದೆಯೆಂದು ಗ್ಲುಕೋಮೀಟರ್ ತೋರಿಸಿತು. ಶೇ. 25ರ ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ದ್ರಾವಣ ಹಾಕಿ, ಬೆಳಗಿನವರೆಗೆ ಅರ್ಧ ಗಂಟೆಗೊಮ್ಮೆ ರಕ್ತ ಪರೀಕ್ಷಿಸಿ ಉಳಿಸಿಕೊಂಡೆವು. ಆ ಹುಡುಗಿ ಪಂಚ ಸರಿಗಳನ್ನು, ಅಂದರೆ ಸರಿಯಾದ ರೋಗಿ, ಔಷಧಿ, ಪ್ರಮಾಣ, ಮಾರ್ಗ, ಸಮಯಗಳನ್ನು ತಪ್ಪಿಲ್ಲದೆ ಬಾಯಿಪಾಠ ಹೇಳಬಲ್ಲವಳಾಗಿದ್ದಳು. ನನ್ನನ್ನು ಕಾಡಿದ್ದು ಅದೇ.

ಮೊದಲು ಹೊರಗಿನಿಂದ ತರಬೇತುದಾರರನ್ನು ಕರೆಸಿ, ಇಂಗ್ಲಿಷ್ ಸ್ಲೈಡ್‌ಗಳ ಎರಡು ದಿನದ ತರಗತಿ ಮಾಡಿಸಿದೆವು. ಸುಮಾರು 18,000 ರೂಪಾಯಿ ಖರ್ಚಾಯಿತು, ಪರೀಕ್ಷೆಯಲ್ಲಿ ಎಲ್ಲರೂ ಪಾಸಾದರು, ವಾರ್ಡಿನಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ತಪ್ಪಿಗೆ 100 ರೂಪಾಯಿ ದಂಡ ಎಂಬ ನಿಯಮ ಬಂದಿತು, ಅದಕ್ಕೆ ನಾನೂ ಒಪ್ಪಿದ್ದೆ. ಎರಡು ತಿಂಗಳು ಒಂದೇ ಒಂದು ತಪ್ಪೂ ವರದಿಯಾಗಲಿಲ್ಲ. ತಪ್ಪುಗಳು ನಿಂತಿರಲಿಲ್ಲ, ಹೇಳುವುದು ನಿಂತಿತ್ತು. ಮೂರನೆಯದಾಗಿ ಪ್ರತಿ ಔಷಧಿಗೂ ಇಬ್ಬರ ಸಹಿ ಇರಬೇಕೆಂದೆ. ಒಂದು ವಾರದೊಳಗೆ ಎರಡನೆಯ ಸಹಿ ಟ್ರೇಯನ್ನು ನೋಡದೆಯೇ ಬೀಳತೊಡಗಿತು.

ಕೊನೆಗೆ ನಿಂತ ಪದ್ಧತಿ ಸರಳವಾದದ್ದು. ಇಬ್ಬರು ಲೇಬಲ್ ಓದಬೇಕಾದದ್ದು ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಮಕ್ಕಳಿಗೆ ಕೊಡುವ ಯಾವುದೇ ಔಷಧಿ, ಇಷ್ಟಕ್ಕೆ ಮಾತ್ರ. ಓದುವುದೆಂದರೆ ಮನಸ್ಸಿನಲ್ಲಲ್ಲ, ಗಟ್ಟಿಯಾಗಿ: ಹೆಸರು, ಒಂದು ಎಂ.ಎಲ್.ನಲ್ಲಿ ಎಷ್ಟಿದೆ, ನಾನು ಎಷ್ಟು ಎಳೆದಿದ್ದೇನೆ. ಎರಡನೆಯವಳು ಮೊದಲನೆಯವಳ ಮಾತನ್ನು ಕೇಳಿ ಹೂಂಗುಟ್ಟುವಂತಿಲ್ಲ; ಸೀಸೆಯನ್ನು ತನ್ನ ಕೈಗೆ ತೆಗೆದುಕೊಂಡು ತಾನೇ ಮೊದಲಿನಿಂದ ಓದಬೇಕು. ರೋಗಿಯನ್ನು "ನೀವು ಇಂಥವರೇ ಅಲ್ಲವೇ" ಎಂದು ಕೇಳಿದರೆ ಅರೆನಿದ್ದೆಯಲ್ಲಿ ಯಾರಾದರೂ ಹೌದೆನ್ನುತ್ತಾರೆ. ಆದ್ದರಿಂದ ಅವರ ಬಾಯಿಂದಲೇ ಹೆಸರು ಹೇಳಿಸಬೇಕು. ಯೂನಿಟ್ ಲೆಕ್ಕವನ್ನು ನಾನು ಮಜ್ಜಿಗೆಯಿಂದ ಕಲಿಸುತ್ತೇನೆ. 100 ಗಟ್ಟಿ ಮಜ್ಜಿಗೆ, 40 ನೀರು ಮಜ್ಜಿಗೆ, ಲೋಟ ಒಂದೇ ಆದರೂ ಒಳಗಿರುವ ಮೊಸರು ಒಂದೇ ಅಲ್ಲ ಎಂದರೆ ಸೂತ್ರ ಬರೆಸಿದಾಗ ಆಗದ್ದು ಆಗಿಬಿಡುತ್ತದೆ. ಕಿತ್ತಳೆ ಮುಚ್ಚಳದ 100ರ ಸಿರಿಂಜ್‌ಗಳನ್ನು ಈಗ ಬೇರೆ ಡಬ್ಬಿಯಲ್ಲಿಟ್ಟಿದ್ದೇವೆ. 10 ಎಂ.ಎಲ್.ನ ಪೊಟ್ಯಾಸಿಯಂ ಆಂಪೂಲ್, ನೋಡಲು ಡಿಸ್ಟಿಲ್ಡ್ ವಾಟರ್‌ನಂತೆಯೇ ಇರುವುದರಿಂದ, ವಾರ್ಡಿನ ಡ್ರಾಯರ್ ಬಿಟ್ಟು ನನ್ನ ಬೀಗದ ಕಪಾಟಿಗೆ ಬಂದಿದೆ.

ತರಬೇತಿಯ ಜೀವಾಳ ನಾನು ಜೋಡಿಸುವ ತಪ್ಪು ಟ್ರೇ. ಖಾಲಿ ಸೀಸೆಗಳಲ್ಲಿ ನೀರು ತುಂಬಿ, ಕೇಸ್ ಶೀಟ್ ಬರೆದು, ಹತ್ತು ತಪ್ಪುಗಳನ್ನು ಬಚ್ಚಿಡುತ್ತೇನೆ. ಮೊದಲ ಸಲ ನಾಲ್ಕು ಹಿಡಿದರೆ ಹೆಚ್ಚು. ಮೂರನೆಯ ತಿಂಗಳಿಗೆ ಎಂಟು, ಒಂಬತ್ತು ಹಿಡಿಯುತ್ತಾರೆ. ಸಂಧಿವಾತಕ್ಕೆ ವಾರಕ್ಕೊಮ್ಮೆ ಮಾತ್ರ ಸೇವಿಸಬೇಕಾದ ಮೆಥೋಟ್ರೆಕ್ಸೇಟ್ ಮಾತ್ರೆಯ ಎದುರು ದಿನಕ್ಕೊಂದು ಎಂದು ಬರೆದಿರುವುದು ಎಲ್ಲರೂ ಎಡವುವ ಜಾಗ. ಉಳಿದವುಗಳನ್ನು ಎಲ್ಲಿ ಬಚ್ಚಿಡುತ್ತೇನೆಂದು ಇಲ್ಲಿ ಬರೆಯುವುದಿಲ್ಲ, ನನ್ನ ಹುಡುಗಿಯರೂ ಇದನ್ನು ಓದುತ್ತಾರೆ. ಒಮ್ಮೆ ತರಬೇತಿಯ ನೀರಿನ ಸೀಸೆಯೊಂದು ನಿಜವಾದ ಟ್ರಾಲಿಯಲ್ಲಿ ಸಿಕ್ಕಿ ನನ್ನ ಎದೆ ನಡುಗಿತು. ಅಂದಿನಿಂದ ಪ್ರತಿ ಸೀಸೆಗೂ ಕೆಂಪು ಟೇಪ್ ಸುತ್ತಿ, ಎಣಿಸಿ ಕೊಟ್ಟು, ಎಣಿಸಿಯೇ ವಾಪಸ್ ಪಡೆಯುತ್ತೇನೆ.

ಔಷಧಿ ಕೊಡುವಾಗ ಯಾರೂ ಮಾತನಾಡಿಸಬಾರದೆಂದು ಕೆಂಪು ಏಪ್ರನ್ ಹಾಕಿಸಿ ನೋಡಿದೆ. "ಯಾಕಮ್ಮಾ ಇದು?" ಎಂದು ರೋಗಿಗಳ ಮನೆಯವರು ಹೆಚ್ಚು ಮಾತನಾಡಿಸಿದರು. ಏಪ್ರನ್ ಬಿಟ್ಟು, ಮೊಬೈಲ್‌ಗಳನ್ನು ಸ್ಟೀಲ್ ಡಬ್ಬಿಗೆ ಹಾಕಿಸಿದ್ದು ಫಲ ಕೊಟ್ಟಿತು. ಇನ್ನೊಮ್ಮೆ ರೋಗಿಗಳ ಮನೆಯ ಚಮಚಗಳನ್ನು ತರಿಸಿ ಸಿರಿಂಜ್‌ನಿಂದ ಅಳೆದೆವು. ಒಂದು ಚಮಚ ಎಂದರೆ ಒಬ್ಬರ ಮನೆಯಲ್ಲಿ ಮೂರು ಎಂ.ಎಲ್., ಇನ್ನೊಬ್ಬರ ಮನೆಯಲ್ಲಿ ಹತ್ತಿರ ಹತ್ತಿರ ಎಂಟು. ಪ್ಯಾರಾಸಿಟಮಾಲ್ ಸಿರಪ್ 5 ಎಂ.ಎಲ್.ಗೆ 120 ಮಿ.ಗ್ರಾಂ.ನದೂ ಇದೆ, 250 ಮಿ.ಗ್ರಾಂ.ನದೂ ಇದೆ, ಮೇಲೆ ಈ ಚಮಚ. ಅಂದಿನಿಂದ ಡಿಸ್ಚಾರ್ಜ್ ಆಗುವ ಪ್ರತಿ ಮಗುವಿಗೂ ಗೆರೆ ಎಳೆದ ಸಿರಿಂಜ್ ಕೊಟ್ಟು, ತಾಯಿಯ ಕೈಯಿಂದ ಒಮ್ಮೆ ಅಳೆಸಿಯೇ ಕಳುಹಿಸುತ್ತೇವೆ.

ಟ್ರೇ, ಟೇಪ್, ಡಬ್ಬಿ, ಬೀಗ ಎಲ್ಲ ಸೇರಿ ಆರು ಸಾವಿರ ದಾಟಿರಲಿಕ್ಕಿಲ್ಲ. ನಿಜವಾದ ಖರ್ಚು ಪಾಳಿ ಬದಲಾಗುವಾಗ ನಡೆಸುವ 20 ನಿಮಿಷದ ತರಬೇತಿಯದು. ಓವರ್‌ಟೈಮ್ ಲೆಕ್ಕದಲ್ಲಿ ತಿಂಗಳಿಗೆ ಒಂಬತ್ತು ಸಾವಿರದಷ್ಟು. ಮಾಲೀಕರು ಮೂರು ತಿಂಗಳಿಗೆ ಮಾತ್ರ ಒಪ್ಪಿದರು. ದಂಡ ತೆಗೆದು, ಹೆಸರಿಲ್ಲದೆ ಬರೆಯುವ ನೋಟ್‌ಬುಕ್ ಇಟ್ಟ ಮೊದಲ ತಿಂಗಳು ಅದರಲ್ಲಿದ್ದದ್ದು ಮೂರು ಬರಹ. ಮೂರನೆಯ ತಿಂಗಳಿಗೆ 40 ದಾಟಿತು. "ತಪ್ಪು ಹೆಚ್ಚಾಗಿದೆಯಲ್ಲ, ಸಿಸ್ಟರ್?" ಎಂದು ಅವರು ಗಾಬರಿಯಾದರು. ಒಂದೊಂದೇ ಪುಟ ತಿರುವಿ ತೋರಿಸಿದೆ: ಒಂದೆರಡನ್ನು ಬಿಟ್ಟರೆ ಉಳಿದವೆಲ್ಲ ರೋಗಿಯನ್ನು ತಲುಪುವ ಮೊದಲೇ ಹಿಡಿದವು. ಅವುಗಳಲ್ಲಿ ಒಂದು ಪೆನ್ ಕಾರ್ಟ್ರಿಡ್ಜ್ ಮತ್ತು ಕೆಂಪು ಮುಚ್ಚಳದ ಸಿರಿಂಜ್‌ನದು. ರಾತ್ರಿ ಪಾಳಿಯಲ್ಲಿ ಅದನ್ನು ತಡೆದವಳು ಹತ್ತನೆಯ ತರಗತಿಯವರೆಗೆ ಓದಿದ ವಾರ್ಡ್ ಸಹಾಯಕಿ. ಆ ಪುಟ ಓದಿದ ಮೇಲೆ ಅವರು ಓವರ್‌ಟೈಮ್ ಹಾಳೆಗೆ ಸಹಿ ಹಾಕಿದರು.