ತಗ್ಗಿನ ಗದ್ದೆಯಲ್ಲಿ ಗೋವಿನಜೋಳ ಗೆದ್ದ ಬಗೆ

ಹಾನಗಲ್ ಸೀಮೆಯಲ್ಲಿ ನಮ್ಮದು ಮೂರೂವರೆ ಎಕರೆ ತಗ್ಗಿನ ಗದ್ದೆ. ಭತ್ತ ಬಿಟ್ಟು ಗೋವಿನಜೋಳಕ್ಕೆ (ಮೆಕ್ಕೆಜೋಳಕ್ಕೆ) ಬಂದ ಮೊದಲ ಮೂರು ವರ್ಷ ಕಂಡದ್ದು ನಷ್ಟವನ್ನೇ. ಮಳೆ ಕೈಕೊಟ್ಟು ಅಲ್ಲ, ಅತಿಯಾಗಿ. ಮೃಗಶಿರಾದಲ್ಲಿ ಕೂರಿಗೆ ಹಿಡಿದರೆ ಆರಿದ್ರಾ ಮಳೆಯ ಹೊತ್ತಿಗೆ ಪೈರು ಗೇಣುದ್ದ, ಆಗಲೇ ಜಡಿಮಳೆ. ನಾಲ್ಕು ದಿನ ನೀರು ನಿಂತರೆ ಕೆಳಗಿನ ಎಲೆ ತುದಿಯಿಂದ ಹಳದಿಯಾಗಿ, ಅಂಚು ನೇರಳೆಗೆ ತಿರುಗುತ್ತಿತ್ತು. ಒಂದು ಗಿಡ ಕಿತ್ತು ನೋಡಿದೆ: ಬೇರು ಕಂದಿತ್ತು, ಬೆರಳಲ್ಲಿ ಎಳೆದರೆ ಸಿಪ್ಪೆ ಕಳಚಿ ಬರುತ್ತಿತ್ತು, ಕೊಳೆತ ವಾಸನೆ. ಮೊಣಕಾಲೆತ್ತರ ಆಗುವವರೆಗೂ ಈ ಬೆಳೆಯ ಸುಳಿಯ ಬುಡ ನೆಲದೊಳಗೇ ಇರುತ್ತದೆ. ಅದು ಉಸಿರುಗಟ್ಟಿದ ಮೇಲೆ ಯೂರಿಯಾ ಎರಚಿ ಏನು ಪ್ರಯೋಜನ? ನಾನೂ ಚೀಲಗಟ್ಟಲೆ ಎರಚಿದೆ, ಎಲ್ಲ ಹಳ್ಳ ಸೇರಿತು. ಆ ವರ್ಷ ಎಕರೆಗೆ 9 ಕ್ವಿಂಟಲ್ ಬಂದಿರಬೇಕು. ಖರ್ಚು ಮಾತ್ರ 16–17 ಸಾವಿರ.

ಮರುವರ್ಷ ರೋಹಿಣಿಯಲ್ಲೇ ಬೋದು (ಮಣ್ಣಿನ ಎತ್ತರದ ಏರಿ) ಎತ್ತಿಸಿ ಬೀಜ ಊರಿಸಿದೆ. ಎಕರೆಗೆ ಸುಮಾರು ಮೂರು ಸಾವಿರ ಹೆಚ್ಚಿಗೆ ತಗಲಿತು. ‘ಮೆಣಸಿನ ಸಸಿ ನೆಡುತ್ತೀಯೇನೋ ತಮ್ಮಾ?’ ಎಂದು ದೊಡ್ಡಪ್ಪ ಕೇಳಿದರು. ಆ ಸಲವೂ ಅರ್ಧ ಕೆಟ್ಟಿತು. ನೆತ್ತಿಯಲ್ಲಿ ಊರಿದ ಬೀಜ ಮಣ್ಣು ಕೊಚ್ಚಿ ಬಯಲಾಯಿತು. ಬಸಿಗಾಲುವೆ ತೆಗೆಯದ ಕಡೆ ಬೋದೇ ಒಡೆಯಿತು. ಆಮೇಲೆ ಬೋದಿನ ಹೆಗಲಲ್ಲಿ ಊರಿ, ಸಾಲುಗಳ ಬಾಯಿಯನ್ನು ಕಾಲುವೆಗೆ ಬಿಡಿಸಿದೆ. ಯೂರಿಯಾವನ್ನು ಮೂರು ಪಾಲು ಮಾಡಿ ಹೊಳವು (ಮಳೆಯ ಬಿಡುವು) ಕಂಡಾಗ ಮಾತ್ರ ಕೊಟ್ಟೆ. ಎಕರೆಗೆ 22–23 ಕ್ವಿಂಟಲ್ ಬಂತು. ಈಗ ದೊಡ್ಡಪ್ಪನ ಗದ್ದೆಗೂ ಬೋದು ಎತ್ತಿಸಿದವನು ನಾನೇ.

ಗೋವಿನಜೋಳದ ನಡುವಿನ ಎರಡು ಸಾಲಿನಲ್ಲಿ ಭತ್ತವನ್ನೂ ನೆಟ್ಟು ನೋಡಿದೆ, ನೆರಳಿಗೆ ಜೊಳ್ಳಾಯಿತು. 2018ರಲ್ಲಿ ದೇಶದಲ್ಲೇ ಮೊದಲು ಶಿವಮೊಗ್ಗದಲ್ಲಿ ಪತ್ತೆಯಾದ ಫಾಲ್ ಸೈನಿಕ ಹುಳು ನಮ್ಮಲ್ಲಿಗೂ ಬಂದಿದೆ. ಜಡಿಮಳೆಗೆ ಮರಿಹುಳು ಸುಳಿಯಲ್ಲೇ ಮುಳುಗಿ ಸಾಯುತ್ತದೆ, ವಾರ ಹೊಳವಾದರೆ ಹಾವಳಿ ಏಳುತ್ತದೆ. ಆಗ ತೌಡು–ಬೆಲ್ಲಕ್ಕೆ ಕೀಟನಾಶಕ ಬೆರೆಸಿದ ಪಾಷಾಣ ತಪ್ಪಿಸುವ ಹಾಗಿಲ್ಲ.

ಬೇಗ ಬಿತ್ತಿದ್ದಕ್ಕೆ ದಂಡವೂ ಇದೆ. ಸೂಲಂಗಿ (ಗಿಡದ ತುದಿಯ ಗಂಡು ಹೂ) ಬರುವಾಗ ಪುಷ್ಯ ಮಳೆಯ ಮೋಡ ಕವಿದರೆ ತೆನೆಯ ತುದಿ ಬೋಳು. ಉತ್ತರಾ ಮಳೆಯಲ್ಲಿ ಕೊಯ್ಲು ಸಿಕ್ಕಿಕೊಂಡರೆ ಕಾಳು ಸಿಪ್ಪೆಯೊಳಗೇ ಮೊಳೆಯುತ್ತದೆ. ತೇವ ಹೆಚ್ಚೆಂದು ವರ್ತಕರು ಕ್ವಿಂಟಲಿಗೆ ಇನ್ನೂರು ರೂಪಾಯಿ ಮುರಿದದ್ದೂ ಉಂಟು. ಕಾಳು ಬಲಿತ ಮೇಲೆ ದಂಟನ್ನು ತೆನೆಯ ಕೆಳಗೆ ಮಡಚಿ, ತೆನೆಯ ಮೂತಿ ನೆಲಕ್ಕೆ ತಿರುಗಿಸಿದರೆ ನೀರು ಒಳಗಿಳಿಯುವುದಿಲ್ಲ. ಕಳೆದ ಸಲ ಹತ್ತು ಗುಂಟೆಯಲ್ಲಿ ಮಡಚಿದ್ದೆ, ಒಂದು ತೆನೆಯೂ ಮೊಳೆಯಲಿಲ್ಲ. ಈ ಸಲ ಪೂರ್ತಿ ಒಂದು ಎಕರೆಗೆ ಆಳು ಹೇಳಿಟ್ಟಿದ್ದೇನೆ.