ಕನ್ನಡದ ಪಕ್ಕ ಕ್ಯಾಸ್ಲನ್ ಕೂರಿಸಿದ ಅನುಭವ

ಶಿರಸಿ ಕಡೆಯ ಒಂದು ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ. ಪುಟ ವಿನ್ಯಾಸ ನನ್ನದು. ಮುಕ್ಕಾಲು ಪಾಲು ಕನ್ನಡ, ಉಳಿದದ್ದು ಬೆಂಗಳೂರು, ಅಮೆರಿಕ ಸೇರಿದ ಹಳೆ ವಿದ್ಯಾರ್ಥಿಗಳ ಇಂಗ್ಲಿಷ್ ಲೇಖನ. ಇಂಗ್ಲಿಷ್ ಅಂದರೆ ನಮ್ಮಲ್ಲಿ ಟೈಮ್ಸ್ ನ್ಯೂ ರೋಮನ್, ಬೇರೆ ಯೋಚನೆಯೇ ಇಲ್ಲ. ಅದು 1932ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆಂದು ಬಂದ ಅಕ್ಷರ. ಕಿರಿದಾದ ಕಾಲಂನಲ್ಲಿ ಜಾಸ್ತಿ ಪದ ಹಿಡಿಸುತ್ತದೆ. ದುಂಡು ದುಂಡಾದ ಕನ್ನಡದ ಪಕ್ಕ ಇಟ್ಟರೆ ಮಾತ್ರ ಇಕ್ಕಟ್ಟಾಗಿ ಕಾಣುತ್ತದೆ. ಅದಕ್ಕೇ ಕ್ಯಾಸ್ಲನ್ ಎಂಬ ಫಾಂಟ್ ಹಾಕಿದೆ.

ವಿಲಿಯಂ ಕ್ಯಾಸ್ಲನ್ ಲಂಡನ್ನಿನಲ್ಲಿ ಬಂದೂಕುಗಳ ಮೇಲೆ ಕೆತ್ತನೆ ಮಾಡುತ್ತಿದ್ದವ. 1720ರ ದಶಕದಲ್ಲಿ ಅಚ್ಚಿನ ಅಕ್ಷರ ಕೊರೆಯಲು ಶುರುಮಾಡಿದ. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಮೊದಲು ಅಚ್ಚಾಗಿದ್ದು ಅವನ ಅಕ್ಷರದಲ್ಲೇ. ಇದನ್ನು ಹೇಳಿದ ಮೇಲೆ ಅಮೆರಿಕದ ಲೇಖಕರಿಂದ ಫಾಂಟ್ ಬಗ್ಗೆ ತಕರಾರು ಬರಲಿಲ್ಲ!

ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿ. ಕ್ಯಾಪಿಟಲ್ 'ಎ' ನೆತ್ತಿ ಚೂಪಾಗಿಲ್ಲ, ಸ್ವಲ್ಪ ಕೆತ್ತಿ ತೆಗೆದ ಹಾಗೆ ತಗ್ಗಾಗಿದೆ. 'ಸಿ'ಗೆ ಮೇಲೂ ಸೆರಿಫ್ (ಗೆರೆಯ ತುದಿಯ ಪುಟ್ಟ ಚಾಚು), ಕೆಳಗೂ ಸೆರಿಫ್. ದಪ್ಪ ಗೆರೆ, ಸಪೂರ ಗೆರೆ ಎರಡೂ ಇವೆ, ಆದರೆ ಅಂತರ ವಿಪರೀತ ಅಲ್ಲ. ಒಂದೊಂದೇ ಅಕ್ಷರ ನೋಡಿದರೆ ಅಂಥ ಚಂದ ಏನಿಲ್ಲ. ಪುಟ ತುಂಬಿದಾಗಲೇ ಹದ ಗೊತ್ತಾಗುವುದು.

ನಾನು ಬಳಸಿದ್ದು ಅಡೋಬಿ ಕ್ಯಾಸ್ಲನ್, 1990ರಲ್ಲಿ ಕ್ಯಾರಲ್ ಟ್ವಾಂಬ್ಲಿ ಮಾಡಿದ್ದು. ಕನ್ನಡಕ್ಕೆ ನೋಟೊ ಸೆರಿಫ್. ಕ್ಯಾಸ್ಲನ್ನಿನ ಸ್ಮಾಲ್ ಲೆಟರ್‌ಗಳು ಗಿಡ್ಡ, ಹಾಗಾಗಿ ಕನ್ನಡ 11 ಪಾಯಿಂಟ್ ಇದ್ದಲ್ಲಿ ಕ್ಯಾಸ್ಲನ್ 12 ಇಟ್ಟೆ. ಸಾಲಿನ ಅಂತರ ತೀರ್ಮಾನಿಸಿದ್ದು ಕನ್ನಡವೇ. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕಲ್ವಾ? 17 ಪಾಯಿಂಟ್ ಆಯಿತು. ಇಂಗ್ಲಿಷಿಗೆ ಅಷ್ಟು ಬೇಡ, ಆದರೂ ಎದುರುಬದುರು ಪುಟದ ಸಾಲು ಸರಿಹೊಂದಲಿ ಎಂದು ಅದನ್ನೇ ಉಳಿಸಿಕೊಂಡೆ. ಕನ್ನಡದ ನಡುವೆ ಬರುವ ಇಂಗ್ಲಿಷ್ ಪದಗಳನ್ನು ಕೈಯಲ್ಲಿ ಹುಡುಕುತ್ತ ಕೂರಬೇಡಿ. ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಗ್ರೆಪ್ ಸ್ಟೈಲ್ (ಹೇಳಿದ ಬಗೆಯ ಅಕ್ಷರ ಹುಡುಕಿ ಶೈಲಿ ಹಚ್ಚುವ ಸೌಲಭ್ಯ) ಕೊಟ್ಟರೆ ತಾನಾಗೇ ಫಾಂಟ್ ಬದಲಾಗುತ್ತದೆ.

ಕರಡು ತಿದ್ದುತ್ತಿದ್ದ ನಿವೃತ್ತ ಮಾಸ್ತರು ಫೋನ್ ಮಾಡಿದರು. "ಎಂತ ತಮಾ, ಅಂಕೆ ಎಲ್ಲಾ ಮೇಲೆ ಕೆಳಗೆ ಕುಣೀತಾ ಇದ್ದಲಾ?" ಹಳೆ ಶೈಲಿಯ ಅಂಕೆ ಹಾಗೇ. 3, 4, 5, 7, 9ರ ಬಾಲ ಸಾಲಿನ ಕೆಳಗೆ ಇಳಿಯುತ್ತದೆ. ಬರಹದ ನಡುವೆ ನನಗದು ಇಷ್ಟ, ಬಿಡಲಿಲ್ಲ. ದೇಣಿಗೆ ಪಟ್ಟಿಯಲ್ಲಿ ಮಾತ್ರ ಮಾಸ್ತರ ಮಾತೇ ಸರಿ. ಅಲ್ಲಿ ಒಂದೇ ಎತ್ತರದ, ಒಂದೇ ಅಗಲದ ಅಂಕೆಗೆ ಬದಲಿಸಿದೆ. ರೂಪಾಯಿ ಲೆಕ್ಕ ನೆಟ್ಟಗೆ ನಿಂತಿತು.

ಲೇಪನವಿಲ್ಲದ ಮ್ಯಾಪ್‌ಲಿಥೊ ಕಾಗದದಲ್ಲಿ ಶಾಯಿ ತುಸು ಹರಡಿ ಅಕ್ಷರ ಮೈತುಂಬಿಕೊಂಡಿತು. ಫೋಟೊ ಪುಟಗಳ ನುಣುಪಾದ ಆರ್ಟ್ ಪೇಪರಿನಲ್ಲಿ ಸೊರಗಿತು, ಅಲ್ಲಿನ ಅಡಿಬರಹಕ್ಕೆ ತುಸು ದಪ್ಪನೆಯ ಸೆಮಿಬೋಲ್ಡ್ ಹಾಕಬೇಕಾಯಿತು. ವೇದಿಕೆಯ ಫ್ಲೆಕ್ಸಿಗೂ ಇದೇ ಫಾಂಟ್ ಹಾಕಿ ಎಂದರು. ಒಪ್ಪಲಿಲ್ಲ, ದೂರದಿಂದ ಓದಲು ಇದು ಆಗುವುದಿಲ್ಲ.

ಅಡೋಬಿ ಇಲ್ಲದವರಿಗೆ ಲಿಬ್ರೆ ಕ್ಯಾಸ್ಲನ್ ಟೆಕ್ಸ್ಟ್ ಉಚಿತವಾಗಿ ಸಿಗುತ್ತದೆ. ಅದು ಸ್ಕ್ರೀನಿಗೆಂದು ಮಾಡಿದ್ದು, ಸ್ಮಾಲ್ ಲೆಟರ್ ದೊಡ್ಡದಿದೆ. ನಾನು ಕೊಟ್ಟ 12 ಅದಕ್ಕೆ ಜಾಸ್ತಿಯಾಗುತ್ತದೆ. ಒಂದು ಪುಟ ಪ್ರಿಂಟ್ ತೆಗೆದು ನೋಡಿಯೇ ಸೈಜ್ ಗೊತ್ತುಮಾಡಿಕೊಳ್ಳಿ.