ಹಳೆಯ ಚಾರ್ಜರ್ ಹತ್ತೇ ನಿಮಿಷದಲ್ಲಿ ಹಸಿರು ದೀಪ ತೋರಿಸಿದರೆ

ಎಎ ಅಳತೆಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳ ಹಳೆಯ ಚಾರ್ಜರ್ ಅವಧಿಗೆ ಮುನ್ನವೇ ನಿಲ್ಲುತ್ತಿದ್ದರೆ, ಪ್ಲಗ್ ತೆಗೆದು, ಒಳಗಿನ ಲೋಹದ ಪಟ್ಟಿಗಳನ್ನೂ ಸೆಲ್‌ಗಳ ಎರಡೂ ತುದಿಗಳನ್ನೂ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿ. ಸೆಲ್ ತುಂಬಿದಾಗ ವೋಲ್ಟೇಜ್ ಕೆಲವೇ ಮಿಲಿವೋಲ್ಟ್ ಇಳಿಯುವುದನ್ನು ಗುರುತಿಸಿ ನಿಲ್ಲುವ ಚಾರ್ಜರ್‌ಗಳು, ಕಿಲುಬು ಹಿಡಿದ ಜಾಗದಲ್ಲಿ ಉಂಟಾಗುವ ಏರಿಳಿತವನ್ನೇ ಆ ಇಳಿಕೆಯೆಂದು ತಪ್ಪಾಗಿ ಗ್ರಹಿಸುತ್ತವೆ. ಉಪ್ಪುಕಾಗದವನ್ನು ಮಾತ್ರ ಬಳಸಬೇಡಿ, ಅದು ಪಟ್ಟಿಯ ಮೇಲಿನ ಲೇಪನವನ್ನೇ ಕಿತ್ತುಹಾಕುತ್ತದೆ. ಸೆಲ್‌ಗಳ ಸ್ಥಾನವನ್ನು ಅದಲುಬದಲು ಮಾಡಿದಾಗ ತೊಂದರೆಯೂ ಅದೇ ಸೆಲ್‌ನ ಜೊತೆಗೆ ಹೋದರೆ, ಆ ಸೆಲ್‌ನ ಆಯುಸ್ಸು ಮುಗಿದಿರಬಹುದು. ಸ್ಥಾನದಲ್ಲೇ ಉಳಿದರೆ ಸ್ಪ್ರಿಂಗ್ ಸಡಿಲವಾಗಿರಬಹುದು. ಸುಟ್ಟ ವಾಸನೆ ಬರುವ ಅಥವಾ ಹೊರಕವಚ ಮುಟ್ಟಲಾಗದಷ್ಟು ಬಿಸಿಯಾಗುವ ಚಾರ್ಜರ್‌ಗೆ ಈ ಉಪಾಯ ಸಲ್ಲದು, ಅದನ್ನು ದಯವಿಟ್ಟು ಇ-ತ್ಯಾಜ್ಯ ಸಂಗ್ರಹಕ್ಕೆ ಕೊಟ್ಟುಬಿಡಿ.